ಜಾರಿದ್ದು ಚಪ್ಪಲಿ, ಶಿಕ್ಷೆಯಾದದ್ದು ಹುಡುಗಿಯರಿಗೆ

ಕಳೆದ ದಸರಾ ರಜೆಯಲ್ಲಿ ನನ್ನ ಅಕ್ಕನ ಮೊಮ್ಮಗ ಬೆಂಗಳೂರಿನಿಂದ ಬಂದಿದ್ದ. ಗೆಳೆಯರೊಡನೆ ಬೆಟ್ಟದಪುರದ ಬೆಟ್ಟಕ್ಕೆ ಹೋಗುವುದಾಗಿಯೂ, ಮೆಟ್ಟಿಲುಗಳನ್ನು ಬಿಟ್ಟು ಬಂಡೆಯ ಮೇಲೆಯೇ ಹತ್ತುವುದಾಗಿಯೂ ಹೇಳಿ, ತಾನು ಕೊಂಡುತಂದ ಸರಂಜಾಮನ್ನೆಲ್ಲ ಜಗುಲಿಯ ಮೇಲೆ ಹರಡಿದ. ಮೂರು ಸಾವಿರ ರೂಪಾಯಿಯ ಜಾಕೆಟ್ಟು, ಕಪ್ಪು ಕನ್ನಡಕ, ಬಣ್ಣಬಣ್ಣದ ತೆಳುಹಗ್ಗ, ಹಗ್ಗಕ್ಕೆ ಸಿಕ್ಕಿಸಲು ಹೊಳೆಯುವ ನಾಲ್ಕು ಲೋಹದ ಕೊಂಡಿಗಳು. ಒಂದು ಕೊಂಡಿಯನ್ನು ಬೆಳಕಿಗೆ ಹಿಡಿದು ನೋಡಿದೆ. ಅದರ ಮೈಮೇಲೆಯೇ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ 'ಹತ್ತುವುದಕ್ಕೆ ಬಳಸಬಾರದು' ಎಂದು ಕೆತ್ತಿತ್ತು! ಅದು ಬೀಗದ ಕೈ ತೂಗುಹಾಕುವ ಕೊಂಡಿ. ಇನ್ನು ಕಾಲಿಗೆ? ಅಡಿ ಸವೆದು ನುಣುಪಾದ ಹಳೆಯ ಶೂ.

"ಇದೆಲ್ಲ ಏತಕ್ಕೋ? ನಾವು ಸೀರೆಯುಟ್ಟು ಬರಿಗಾಲಲ್ಲೇ ಹತ್ತಿ ಇಳಿಯಲಿಲ್ಲವೇ?" ಎಂದಳು ಅಕ್ಕ.

ಅಜ್ಜಿಯದೂ ತಪ್ಪು, ಮೊಮ್ಮಗನದೂ ತಪ್ಪು ಎಂಬುದೇ ಈ ಬರಹದ ವಾದ. ಇಬ್ಬರಿಗಿಂತ ದೊಡ್ಡ ತಪ್ಪು ಮಾಡಿದವನು ನಾನು. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಮೊದಲು ಅಕ್ಕನ ಮಾತು. ಸಿಡಿಲು ಮಲ್ಲಿಕಾರ್ಜುನನ ಸನ್ನಿಧಿಗೆ ಮೂರು ಸಾವಿರದಷ್ಟು ಮೆಟ್ಟಿಲುಗಳಿವೆ ಎನ್ನುತ್ತಾರೆ. ಹರಕೆ ಹೊತ್ತವರು ಬರಿಗಾಲಲ್ಲಿ ಹತ್ತುತ್ತಾರೆ. ಅದನ್ನು ನಾನು ಹೀಯಾಳಿಸುವುದಿಲ್ಲ. ಒಣಗಿದ ಒರಟು ಕಲ್ಲಿನ ಮೇಲೆ ಬರಿಗಾಲು ಕೆಟ್ಟ ಪಾದರಕ್ಷೆಗಿಂತ ಎಷ್ಟೋ ಮೇಲು. ಆದರೆ ಮೆಟ್ಟಿಲನ್ನು ಕಡಿದವರು ನಮ್ಮ ಕಾಲಿಗಾಗಿ ಕಡಿದರು. ಬಂಡೆಯನ್ನು ಯಾರೂ ನಮಗಾಗಿ ಕಡಿದಿಲ್ಲ. ಮಳೆ ಬಂದು ಪಾಚಿ ಕಟ್ಟಿದ ಇಳಿಜಾರಿನಲ್ಲಿ ಹಿಂದಿನವರ ಭಕ್ತಿಯನ್ನು ಇಂದಿನವರ ಕಾಲಿಗೆ ಕಟ್ಟಲಾಗದು. 'ನಮಗೇನೂ ಆಗಲಿಲ್ಲ' ಎನ್ನುವವರೆಲ್ಲ ಏನೂ ಆಗದೆ ಉಳಿದವರು ಎಂಬುದನ್ನು ಮರೆಯಬಾರದು.

ಇನ್ನು ಕೆಲವರು ಚಿತ್ರದುರ್ಗದ ಕೋಟೆಯ ಗೋಡೆಯನ್ನು ಬರಿಗೈಯಲ್ಲಿ ಏರುವ ಜ್ಯೋತಿರಾಜ್ ಅವರ ಉದಾಹರಣೆ ಕೊಡುತ್ತಾರೆ. ಅವರದು ವರ್ಷಗಟ್ಟಲೆ ಪಳಗಿದ ಕೈ. ಒಬ್ಬ ಅಸಾಮಾನ್ಯನ ಸಾಧನೆಯು ಪ್ರವಾಸಕ್ಕೆ ಹೊರಟ ನಲವತ್ತು ಮಕ್ಕಳಿಗೆ ನಿಯಮವಾಗಲಾರದು.

ಈಗ ಮೊಮ್ಮಗನ ವಿಷಯ. ಹಗ್ಗವೆಂದರೆ ಹಗ್ಗ ಎಂದು ಅವನು ತಿಳಿದಿದ್ದಾನೆ. ನನ್ನ ಹಳೆಯ ವಿದ್ಯಾರ್ಥಿಗಳೇ, ಒಂಬತ್ತನೆಯ ತರಗತಿಯ ಪಾಠ ನೆನಪಿದೆಯೇ? ಕ್ರಿಕೆಟ್ ಚೆಂಡನ್ನು ಹಿಡಿಯುವವನು ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುವುದೇಕೆ? ಚೆಂಡು ನಿಲ್ಲುವ ಕಾಲಾವಧಿ ಹೆಚ್ಚಿದಷ್ಟೂ ಕೈಮೇಲಿನ ಬಲ ಕಡಿಮೆ. ಬಂಡೆ ಏರುವವರ ಹಗ್ಗವೂ ಹಾಗೆಯೇ: ಬಿದ್ದವನನ್ನು ಹಿಡಿಯುವಾಗ ಅದು ಹಿಗ್ಗಬೇಕು. ಒಂಟಿಯಾಗಿ ಬಳಸುವ ಇಂಥ ಹಗ್ಗವನ್ನು 80 ಕಿಲೋ ತೂಕ ಬೀಳಿಸಿ ಪರೀಕ್ಷಿಸುತ್ತಾರೆ. ಮೊದಲ ಬೀಳುವಿಕೆಯಲ್ಲಿ ಎಳೆತವು 12 ಕಿಲೋನ್ಯೂಟನ್ನನ್ನು ಮೀರಕೂಡದು ಎಂಬುದು ಅಂತರರಾಷ್ಟ್ರೀಯ ಮಾನದಂಡ. ಅಂದರೆ ಸುಮಾರು 1200 ಕಿಲೋ ತೂಕದ ಎಳೆತ. ಹಿಗ್ಗುವ ಹಗ್ಗದ ಮಿತಿಯೇ ಇಷ್ಟೆಂದ ಮೇಲೆ, ಹಿಗ್ಗದ ಬಾವಿಹಗ್ಗವೋ ಲಾರಿಗೆ ಬಿಗಿಯುವ ಹಗ್ಗವೋ ಬಿದ್ದವನನ್ನು ಹೇಗೆ ನಿಲ್ಲಿಸೀತು, ಊಹಿಸಿ. ಆ ಕೆಲಸದ ಕೊಂಡಿಗಳ ಮೇಲೆ ಅವು ತಾಳುವ ಬಲವನ್ನು ಕಿಲೋನ್ಯೂಟನ್ನುಗಳಲ್ಲಿ ಅಚ್ಚೊತ್ತಿರುತ್ತಾರೆ. ಉದ್ದಕ್ಕೆ ಎಳೆದಾಗ 20 ಸಾಮಾನ್ಯ, ಬಾಯಿ ತೆರೆದಿದ್ದರೆ ಅದರ ಅರ್ಧವೂ ಇರುವುದಿಲ್ಲ. ಸಂಖ್ಯೆಯಿಲ್ಲದ ಕೊಂಡಿ ಬೀಗದ ಕೈಗೆ ಸರಿ, ಪ್ರಾಣಕ್ಕಲ್ಲ.

ಹಗ್ಗ ಒಳ್ಳೆಯದಾದ ಮಾತ್ರಕ್ಕೆ ಮುಗಿಯಲಿಲ್ಲ. ಬಿಸಿಲು ನೈಲಾನನ್ನು ಕೊಲ್ಲುತ್ತದೆ. ಜೀಪಿನ ಬ್ಯಾಟರಿಯ ಆಮ್ಲ ತಾಗಿದರೆ ಕಣ್ಣಿಗೆ ಕಾಣದಂತೆ ಕೊಲ್ಲುತ್ತದೆ. ಆದ್ದರಿಂದ ಬೇರೆಯವರು ಬಳಸಿದ ಹಗ್ಗವನ್ನು ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳಬೇಡಿ. ಕಟ್ಟುವುದನ್ನು ಕಲಿಸುವವರಿಲ್ಲದೆ ಹಗ್ಗವನ್ನೇ ಒಯ್ಯಬೇಡಿ. ಶಿಲಾರೋಹಣ ಕಲಿಸಲು ನಮ್ಮ ರಾಜ್ಯದಲ್ಲಿಯೇ ಜನರಲ್ ತಿಮ್ಮಯ್ಯ ಅವರ ಹೆಸರಿನ ಸಾಹಸ ಅಕಾಡೆಮಿ ಇದೆ.

ನನ್ನ ಲೆಕ್ಕದಲ್ಲಿ ಹಣವನ್ನು ಕಾಲಿನಿಂದ ಖರ್ಚು ಮಾಡತೊಡಗಬೇಕು. ಅಡಿಯ ರಬ್ಬರು ಸವೆಯದ, ಹಿಮ್ಮಡಿ ಅಲುಗದ ಶೂ ಮೊದಲು. ಆಮೇಲೆ ತಲೆ. ಮೋಟಾರ್ ಸೈಕಲ್ಲಿನ ಹೆಲ್ಮೆಟ್ಟು ತೊಟ್ಟರೆ ಮೇಲೆ ನೋಡಲೂ ಆಗದು, 'ಕಲ್ಲು ಬಂತು' ಎಂದು ಕೂಗಿದರೆ ಕೇಳಿಸಲೂ ಆಗದು. ಬಂಡೆ ಏರುವವರ ಹಗುರ ಹೆಲ್ಮೆಟ್ಟು ಮೇಲಿನಿಂದ ಬೀಳುವ ಕಲ್ಲಿಗೆಂದೇ ಪರೀಕ್ಷಿತವಾದದ್ದು. ಮೂರನೆಯದು ಮೊಣಕಾಲು ಸಲೀಸಾಗಿ ಮಡಿಸಬಲ್ಲ ಪ್ಯಾಂಟು. ಜೀನ್ಸ್ ಬೇಡ, ಒದ್ದೆಯಾದರೆ ಅದು ಬಟ್ಟೆಯಲ್ಲ, ಭಾರ. ಹತ್ತಿಯ ಅಂಗಿ ಚೈತ್ರದ ಬಿಸಿಲಿಗೆ ಹಿತ. ಮಳೆಗಾಳಿಯಲ್ಲಿ ನೆನೆದರೆ ಮೈಯ ಶಾಖವನ್ನೆಲ್ಲ ಹೀರುತ್ತದೆ. ಜಾಕೆಟ್ಟಿನ ಸರದಿ ಇದೆಲ್ಲ ಆದ ಮೇಲೆ.

ಎಲ್ಲಿ ಯಾವ ಸಲಕರಣೆಯೂ ಕಾಯದೋ ಅಲ್ಲಿಗೆ ಹೋಗದಿರುವುದೇ ಸಲಕರಣೆ. ಕೃಷ್ಣರಾಜನಗರದ ಕಡೆ ಚುಂಚನಕಟ್ಟೆಯಲ್ಲಿ ಕಾವೇರಿ ನೆನೆಸಿದ ಬಂಡೆಗೆ ಹತ್ತು ಸಾವಿರದ ಶೂ ಕೂಡ ಒಂದೇ, ಹವಾಯಿ ಚಪ್ಪಲಿಯೂ ಒಂದೇ. ಹೆಗ್ಗಡದೇವನಕೋಟೆಯ ಕಾಡಿನೊಳಗಣ ಬೆಟ್ಟಗಳಿಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಾಲಿಡಬಾರದು. ಆನೆ ನಿಮ್ಮ ಜಾಕೆಟ್ಟಿನ ಹೆಸರನ್ನು ಓದುವುದಿಲ್ಲ.

ಇನ್ನು ನನ್ನ ತಪ್ಪು. 1994ರಲ್ಲಿ ನಾನಿದ್ದ ಶಾಲೆಯಿಂದ ಮಕ್ಕಳನ್ನು ಒಂದು ಬೆಟ್ಟಕ್ಕೆ ಕರೆದೊಯ್ದೆವು. ಹುಡುಗಿಯರು ಸಮವಸ್ತ್ರದ ಲಂಗ-ದಾವಣಿಯಲ್ಲೇ ಬರತಕ್ಕದ್ದೆಂದು ಸೂಚನೆ ಬರೆದವನು ನಾನೇ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಒಂದು ಕೈಯಲ್ಲಿ ಲಂಗ ಎತ್ತಿ ಹಿಡಿದು, ಹವಾಯಿ ಚಪ್ಪಲಿಯಲ್ಲಿ ಬಂಡೆ ಇಳಿಯುತ್ತಿದ್ದಳು. ಚಪ್ಪಲಿ ಜಾರಿತು. ಹಿಡಿದುಕೊಳ್ಳಲು ಆ ಕೈ ಬಿಡುವಿರಲಿಲ್ಲ. ಮಣಿಕಟ್ಟು ಮುರಿಯಿತು. ಪಕ್ಕದಲ್ಲೇ ಪ್ಯಾಂಟು, ಕ್ಯಾನ್ವಾಸ್ ಶೂ ತೊಟ್ಟಿದ್ದ ಹುಡುಗ ಅದೇ ಬಂಡೆಯನ್ನು ನಿರಾಯಾಸವಾಗಿ ಇಳಿದ.

ಸೋಮವಾರದ ಸಭೆಯಲ್ಲಿ ಆದ ತೀರ್ಮಾನವೇನು ಗೊತ್ತೇ? 'ಇನ್ನು ಮುಂದೆ ಹೆಣ್ಣುಮಕ್ಕಳನ್ನು ಬೆಟ್ಟಕ್ಕೆ ಕರೆದೊಯ್ಯಬಾರದು.' ಬಟ್ಟೆ ಬದಲಿಸೋಣ ಎಂದು ಯಾರೂ ಹೇಳಲಿಲ್ಲ. ಬಚೇಂದ್ರಿ ಪಾಲ್ ಎವರೆಸ್ಟ್ ಏರಿ ಆಗ ಹತ್ತು ವರ್ಷವಾಗಿತ್ತು. ರಸಪ್ರಶ್ನೆಯಲ್ಲಿ ಆಕೆಯ ಹೆಸರು ಕೇಳಿ ಬಹುಮಾನ ಕೊಡುತ್ತಿದ್ದವನು ನಾನು. ಆ ಸಭೆಯಲ್ಲಿ ಬಾಯಿ ಬಿಡಲಿಲ್ಲ. ಮುಂದಿನ ಹಲವು ವರ್ಷ ಹುಡುಗಿಯರು ಬಸ್ಸಿನ ಬಳಿ ಕುಳಿತು ಬುತ್ತಿ ಕಾಯ್ದರು. ಅವರಲ್ಲಿ ಕೆಲವರು ಇಂದು ಇದನ್ನು ಓದುತ್ತಿದ್ದೀರಿ. ಕ್ಷಮೆ ಕೇಳಲು ಮೂವತ್ತು ವರ್ಷ ತಡವಾಯಿತು, ತಾಯಂದಿರೇ.

ಈಗಲೂ ಪ್ರವಾಸದ ಸೂಚನೆಗಳಲ್ಲಿ 'ಸಮವಸ್ತ್ರ ಕಡ್ಡಾಯ' ಎಂಬ ಸಾಲನ್ನು ಕಾಣುತ್ತೇನೆ. ಬೆಟ್ಟವೆಂದರೆ ವೇಲ್ ಬೇಡ, ಪ್ಯಾಂಟು ಇರಲಿ, ಶೂ ಇರಲಿ ಎಂದು ಬರೆಯಲು ಯಾವ ಆದೇಶಕ್ಕಾಗಿ ಕಾಯುತ್ತಿದ್ದೇವೆ? ಬಡತನದ ನೆವವೂ ಪೂರ್ತಿ ನಿಲ್ಲದು. ಸರ್ಕಾರಿ ಶಾಲೆಗಳ ಮಕ್ಕಳಿಗೆ ಶೂ, ಸಾಕ್ಸ್ ಕೊಡುವ ಯೋಜನೆ 2015-16ರಲ್ಲೇ ಬಂದಿದೆ. ಅದರ ಅಡಿ ಸವೆದಿದೆಯೇ ಎಂದು ಬಸ್ಸು ಹತ್ತುವ ಮುನ್ನ ಪ್ರತಿ ಮಗುವಿನ ಕಾಲೆತ್ತಿಸಿ ನೋಡುವುದು ಮೇಷ್ಟರ ಕೆಲಸ. ಕಾಣಿಕೆ ಕೊಡಬಯಸುವ ಹಳೆಯ ವಿದ್ಯಾರ್ಥಿಗಳು ಶಾಲೆಗೆ ಇನ್ನೊಂದು ಗೋಡೆ ಗಡಿಯಾರ ಕೊಡುವ ಬದಲು, ಒಂದು ಟ್ರಂಕಿನ ತುಂಬ ನಾನಾ ಅಳತೆಯ ಶೂ ಕೊಡಲಿ.

ಮೊಮ್ಮಗನಿಗೆ ಕೊಂಡಿಗಳನ್ನು ಹಿಂತಿರುಗಿಸಿ ಮೆಟ್ಟಿಲಲ್ಲೇ ಹತ್ತಲು ಹೇಳಿದೆ. ಮುಖ ಸಣ್ಣದು ಮಾಡಿಕೊಂಡು ಹತ್ತಿದ. ಜೊತೆಗೆ ಹತ್ತನೆಯ ತರಗತಿಯ ಅವನ ತಂಗಿಯೂ ಹೊರಟಳು. ಅಕ್ಕ 'ಹುಡುಗಿಗೇಕೆ?' ಎನ್ನುವಷ್ಟರಲ್ಲಿ ನಾನು ಅವಳ ಶೂಗಳ ಅಡಿ ತಿರುಗಿಸಿ ನೋಡುತ್ತಿದ್ದೆ. ರಬ್ಬರು ಗಟ್ಟಿಯಾಗಿತ್ತು. 'ಹೋಗಿ ಬಾರಮ್ಮ' ಎಂದೆ.