ಒಬ್ಬಂಟಿಗನ ಪ್ರಯಾಣ



ಅರುವತ್ತನೆಯ ವಯಸ್ಸಿನಲ್ಲಿ ಪ್ರಥಮ ಬಾರಿಗೆ ಒಬ್ಬನೇ ದೂರದ ರೈಲುಪ್ರಯಾಣವನ್ನು ಕೈಕೊಂಡೆನೆಂದರೆ ನಿಮ್ಮಲ್ಲಿ ಕೆಲವರು ನಗಬಹುದು. ನಗುವುದು ನ್ಯಾಯವೇ. ಮೇಘದೂತದ ಮಾರ್ಗವನ್ನು ಬಹುಕಾಲ ತರಗತಿಯ ಭೂಪಟದಲ್ಲಿ ಬೆತ್ತದಿಂದ ತೋರಿಸಿದ ನಾನು ಆ ನದಿಗಳಲ್ಲಿ ಒಂದನ್ನೂ ಕಣ್ಣಾರೆ ಕಂಡವನಲ್ಲ. ಪ್ರಯಾಣವೆಂದರೆ ಟಿಕೆಟ್ಟು ನನ್ನ ಜೇಬಿನಲ್ಲಿ, ಮಿಕ್ಕುದೆಲ್ಲವೂ ಗೃಹಿಣಿಯ ವಶದಲ್ಲಿ. ಇದೇ ನಮ್ಮ ಮನೆಯ ಪದ್ಧತಿಯಾಗಿತ್ತು. ಈ ಸಲ ಆಕೆಯು ಮಗಳ ಬಾಣಂತನಕ್ಕೆಂದು ಮೊದಲೇ ದೆಹಲಿಗೆ ಹೋಗಿದ್ದಳು. ಮೊಮ್ಮಗನ ನಾಮಕರಣಕ್ಕೆ ನಾನೊಬ್ಬನೇ ಹೊರಡಬೇಕಾಯಿತು.

ಬೆಂಗಳೂರಿನಿಂದ ಹೊಸ ದೆಹಲಿಗೆ ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಸುಮಾರು 2,400 ಕಿಲೋಮೀಟರು. ಎರಡು ರಾತ್ರಿ, ಒಂದು ಹಗಲು. ಮೊದಲನೆಯ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಪೆಟ್ಟಿಗೆಗೆ ಹಾಕಿದ ಸರಪಳಿಯನ್ನು ಹತ್ತು ಸಲ ಎಳೆದು ನೋಡಿದೆನು. ತುಂಗಭದ್ರೆಯನ್ನೂ ಕೃಷ್ಣೆಯನ್ನೂ ಸೇತುವೆಯ ಸದ್ದಿನಿಂದಲೇ ಊಹಿಸಿ ಕೈಮುಗಿದೆನು.

ಬೆಳಗಿನ ಜಾವ ಕಲಬುರಗಿಯಲ್ಲಿ ಇಪ್ಪತ್ತರ ಆಸುಪಾಸಿನ ಒಬ್ಬ ಹುಡುಗಿಯು ಬಂಡಿಯನ್ನೇರಿದಳು. ಅವಳ ತಂದೆ, ರೈತರಂತೆ ತೋರುತ್ತಿದ್ದ ಹಿರಿಯರು, ನನ್ನನ್ನು ನೋಡಿ ಕೈಜೋಡಿಸಿ, “ಸರ, ಮಗಳು ದಿಲ್ಲಿಗಿ ಓದ್ಲಾಕ ಹೊಂಟಾಳ್ರಿ. ಒಬ್ಬಾಕಿನೇ, ಇದೇ ಮೊದಲ ಸಲ. ಜರಾ ನೋಡ್ಕೋರಿ” ಎಂದರು. ನಾನು ಗಂಭೀರವಾಗಿ ತಲೆಯಾಡಿಸಿದೆನು. ನನಗೂ ಇದೇ ಮೊದಲ ಸಲವೆಂದು ಹೇಳುವ ಧೈರ್ಯವಾಗಲಿಲ್ಲ.

ಆದರೆ ನೋಡಿಕೊಂಡವಳು ಅವಳೇ. ನಡುಹಗಲಿನಲ್ಲಿ ಒಬ್ಬ ಗೃಹಸ್ಥರು ಮಧ್ಯದ ಬರ್ತನ್ನು ಬಿಚ್ಚಿ ಮಲಗಲು ಹೊರಟು, ನಾನು ಬೆನ್ನು ಬಾಗಿಸಿ ಕೂರಬೇಕಾದಾಗ, ಮಲಗುವ ವೇಳೆಯು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಾತ್ರವೆಂದು ವಿನಯದಿಂದಲೇ ತಿಳಿಸಿ ಅದನ್ನು ಮಡಿಸಿಸಿದಳು. ಆಮೇಲೆ ನನ್ನ ಕಡೆಗೆ ತಿರುಗಿ, “ಕಾಕಾರ, ನೀವೂ ಒಬ್ಬರೇ ಏನ್ರಿ?” ಎಂದು ಕೇಳಿದಳು. ಒಪ್ಪಿಕೊಂಡೆನು. ಅವಳು ನಗಲಿಲ್ಲ.

ಅವಳ ಕೈಯಲ್ಲೊಂದು ಚೀಟಿಯಿತ್ತು. ಸೊಲ್ಲಾಪುರ, ಮನ್ಮಾಡ, ಭೂಸಾವಳ, ಇಟಾರ್ಸಿ, ಭೋಪಾಲ, ಝಾನ್ಸಿ ಎಂದು ನಿಲ್ದಾಣಗಳ ಹೆಸರನ್ನೂ ವೇಳೆಯನ್ನೂ ತಂದೆಯು ಸ್ವಹಸ್ತದಿಂದ ಬರೆದುಕೊಟ್ಟಿದ್ದರು. ಅದರ ಕೆಳಗೆ ಬೋಗಿಯ ಸಂಖ್ಯೆ, ವಿದ್ಯಾರ್ಥಿನಿಲಯದ ವಿಳಾಸ, ಆಪತ್ತಿಗೆ ರೈಲ್ವೆಯ ಸಹಾಯವಾಣಿ 139. ಪುಣತಾಂಬೆಯ ಬಳಿ ಗೋದಾವರಿಯನ್ನು ದಾಟುವಾಗ ನಾನು ಆ ಚೀಟಿಯನ್ನು ಓದಿದೆನು. ಓದಿ ನನ್ನ ಮನಸ್ಸು ಕಲಕಿಹೋಯಿತು.

ಕಾರಣವನ್ನು ಮುಚ್ಚಿಡದೆ ಹೇಳುತ್ತೇನೆ. ಹನ್ನೆರಡು ವರ್ಷಗಳ ಹಿಂದೆ ನನ್ನ ಮಗಳಿಗೆ ದೆಹಲಿಯಲ್ಲಿ ಉನ್ನತ ವ್ಯಾಸಂಗಕ್ಕೆ ಸ್ಥಾನ ದೊರೆತಿತ್ತು. ಪರೀಕ್ಷೆಯ ಕೆಲಸದಿಂದಾಗಿ ನಾನು ಜೊತೆಗೆ ಹೋಗುವಂತಿರಲಿಲ್ಲ. ಹೆಣ್ಣುಮಗಳು ಅಷ್ಟು ದೂರ ಒಬ್ಬಳೇ ಹೋಗಕೂಡದೆಂದು ತಡೆದೆನು. ಅವಳು ವಾದಿಸಲಿಲ್ಲ, ಜೋಡಿಸಿದ್ದ ಪೆಟ್ಟಿಗೆಯಿಂದ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಬೀರುವಿನಲ್ಲಿಟ್ಟಳು. ಆ ವರ್ಷ ಕೈತಪ್ಪಿದ ಅವಕಾಶವು ಅವಳಿಗೆ ಮರಳಿ ಬರಲಿಲ್ಲ. ನನ್ನ ಭಯಕ್ಕೆ ನಾನು ವಿವೇಕವೆಂಬ ಹೆಸರಿಟ್ಟಿದ್ದೆನು.

ರಾತ್ರಿ ಇಟಾರ್ಸಿಯನ್ನು ಬಿಟ್ಟ ಬಳಿಕ ನರ್ಮದೆಯು ಬಂದಿತು. ಕಾಳಿದಾಸನು ರೇವೆಯೆಂದು ಕರೆದ ನದಿ. ಕತ್ತಲಲ್ಲಿ ನೀರಿನ ಹೊಳಪಷ್ಟೇ ಕಂಡಿತು. ಯಕ್ಷನು ಮೇಘಕ್ಕೆ ಹೇಳಿದುದೇನೆಂದು ಆಗ ಯೋಚಿಸಿದೆನು. ಯಾವ ಶಿಖರದಲ್ಲಿ ವಿಶ್ರಮಿಸಬೇಕು, ಯಾವ ನದಿಯ ನೀರನ್ನು ಕುಡಿಯಬೇಕು, ಯಾವ ನಗರಿಗಾಗಿ ಸ್ವಲ್ಪ ಸುತ್ತಾದರೂ ಹೋಗಬೇಕು ಎಂಬುದೆಲ್ಲವನ್ನೂ ಹೇಳಿದನು. ಒಬ್ಬನೇ ಹೋಗಬೇಡವೆಂದು ಹೇಳಲಿಲ್ಲ. ಮನೆಯಲ್ಲಿ ಉಳಿಯುವವನು ಹೊರಡುವವನಿಗೆ ಕೊಡಬೇಕಾದುದು ದಾರಿಯ ತಿಳಿವಳಿಕೆ. ಇಷ್ಟು ವರ್ಷ ಪಾಠ ಹೇಳಿದ ನನಗೆ ಹೊಳೆಯದುದು ಕಲಬುರಗಿಯ ಆ ತಂದೆಗೆ ತಿಳಿದಿತ್ತು.

ಮರುದಿನ ಮುಂಜಾನೆ ಗ್ವಾಲಿಯರ್ ದಾಟಿದ ಮೇಲೆ ಆಳವಾದ ಕೊರಕಲುಗಳ ನಡುವೆ ಚಂಬಲ್ ನದಿಯು ಕಾಣಿಸಿತು. “ನೋಡಮ್ಮಾ, ಇದೇ ಚರ್ಮಣ್ವತಿ” ಎಂದೆನು. ಅವಳು ಮೊಬೈಲಿನಲ್ಲಿ ಚಿತ್ರ ತೆಗೆದು ತಂದೆಗೆ ಕಳುಹಿಸಿದಳು.

ದೆಹಲಿಯ ನಿಲ್ದಾಣಕ್ಕೆ ಮಗಳೇ ಬಂದಿದ್ದಳು. “ಅಂದು ನಿನ್ನನ್ನು ಕಳಿಸಬೇಕಾಗಿತ್ತಮ್ಮಾ” ಎಂದೆನು. ಅವಳು ಕ್ಷಣಕಾಲ ಸುಮ್ಮನಿದ್ದು, ನನ್ನ ಕೈಯಿಂದ ಚೀಲವನ್ನು ತೆಗೆದುಕೊಂಡು, “ಅಪ್ಪಾ, ತಿಂಡಿ ತಿಂದಿರಾ?” ಎಂದಳು. ಕ್ಷಮಿಸಿದಳೋ ಇಲ್ಲವೋ ನಾನು ಕೇಳಲಿಲ್ಲ. ಕೇಳುವ ಅಧಿಕಾರವೂ ನನಗಿಲ್ಲ.

ನಿಮ್ಮ ಮನೆಯಲ್ಲಿ ಮಗನೋ ಮಗಳೋ ಒಬ್ಬರೇ ಹೊರಡುವುದಿದ್ದರೆ, 60 ದಿನ ಮುಂಚಿತವಾಗಿಯೇ ಸ್ಥಳವನ್ನು ಕಾದಿರಿಸಿರಿ. ಗುರುತಿನ ಚೀಟಿ, ಸ್ವಲ್ಪ ನಗದು ಹಣ, ಪೆಟ್ಟಿಗೆಗೊಂದು ಸರಪಳಿ ಕೊಡಿರಿ. ಅಪರಿಚಿತರು ಕೊಟ್ಟುದನ್ನು ತಿನ್ನಬಾರದೆಂದು ಒಮ್ಮೆ ಹೇಳಿರಿ; ಹತ್ತು ಸಲ ಬೇಡ. ಆಮೇಲೆ ನಿಮ್ಮ ಕೈಯಾರೆ ಒಂದು ಚೀಟಿಯನ್ನು ಬರೆದುಕೊಟ್ಟು, ಬಂಡಿ ಹತ್ತಿಸಿ ಬನ್ನಿರಿ.