ಊರು ಕಾಯುವವರನ್ನು ಕಾಯುವವರು ಯಾರು?

ಊರಿಗೆ ಪಿಡುಗು ಬಂದಾಗ ಊರನ್ನು ಕಾಯುವವರು ಯಾರು? ಹಾಗೆ ಕಾಯುವವರನ್ನು ಕಾಯುವವರು ಯಾರು? ಮೊದಲನೆಯ ಪ್ರಶ್ನೆಗೆ ಉತ್ತರ ಸುಲಭ. ೨೦೨೦ ಮತ್ತು ೨೦೨೧ರ ಕೊರೋನಾ ಕಾಲದಲ್ಲಿ ನಾವೆಲ್ಲರೂ ಕದವಿಕ್ಕಿಕೊಂಡು ಒಳಗೆ ಕುಳಿತಿದ್ದಾಗಲೂ ನಸುಕಿನಲ್ಲಿ ಬೀದಿಯ ಕಸಬರಿಗೆಯ ಸಪ್ಪಳ ನಿಲ್ಲಲಿಲ್ಲ. ಪೌರಕಾರ್ಮಿಕರು ಬೀದಿ ಗುಡಿಸಿದರು. ನಳಕ್ಕೆ ನೀರು ಬಿಡುವವರು ನೀರು ಬಿಟ್ಟರು. ಆಶಾ ಕಾರ್ಯಕರ್ತೆಯರು ಮನೆಮನೆಯ ಹೊಸ್ತಿಲಿಗೆ ಹೋಗಿ ಜ್ವರದ ಲೆಕ್ಕ ಬರೆದುಕೊಂಡರು. ಶಾಲೆಯ ಮಾಸ್ತರರು ಸಮೀಕ್ಷೆಯ ಕೆಲಸಕ್ಕೆ ನಿಂತರು. ಎರಡನೆಯ ಪ್ರಶ್ನೆಗೆ ಉತ್ತರ ಹುಡುಕಹೋದರೆ ಮಾತ್ರ ನಾವು ತಲೆ ತಗ್ಗಿಸಬೇಕಾಗುವದು. ಆ ಸಂಗತಿಯನ್ನೇ ಇಂದು ವಾಚಕರ ಮುಂದಿಡಬಯಸುತ್ತೇವೆ.

ಭಾರತದಲ್ಲಿ ಕೊರೋನಾ ರೋಗದ ಮೊದಲನೆಯ ಮರಣವು ೨೦೨೦ನೆಯ ಮಾರ್ಚಿ ತಿಂಗಳಲ್ಲಿ ನಮ್ಮ ಕಲಬುರ್ಗಿಯಲ್ಲಿ ಸಂಭವಿಸಿತು. ಆಗ ಆ ಶಹರದ ಮಹಾನಗರಪಾಲಿಕೆಯಲ್ಲಿ ಜನರು ಆರಿಸಿದ ಸಭೆಯೇ ಇರಲಿಲ್ಲ. ಹುಬ್ಬಳ್ಳಿ-ಧಾರವಾಡದಲ್ಲಿಯೂ ಬೆಳಗಾವಿಯಲ್ಲಿಯೂ ಇದೇ ಸ್ಥಿತಿ. ಮೂರೂ ಪಾಲಿಕೆಗಳ ಅವಧಿಯು ೨೦೧೯ರಲ್ಲಿಯೇ ತೀರಿತ್ತು. ಹೊಸ ಚುನಾವಣೆಯಾದದ್ದು ೨೦೨೧ನೆಯ ಸೆಪ್ಟೆಂಬರ ೩ರಂದು. ಪಿಡುಗಿನ ಎರಡೂ ಅಲೆಗಳು ಬಂದು ಹೋದ ಮೇಲೆ ನಗರಸಭೆ ಕೂಡಿತು! ಬೆಂಗಳೂರಿನ ಪಾಲಿಕೆಯ ಅವಧಿ ೨೦೨೦ರ ಸೆಪ್ಟೆಂಬರದಲ್ಲಿ ತೀರಿದ್ದರಿಂದ, ಮರುವರ್ಷದ ಭೀಕರವಾದ ಎರಡನೆಯ ಅಲೆಯನ್ನು ಆ ಮಹಾನಗರವೂ ಸದಸ್ಯರಿಲ್ಲದೆಯೇ ಎದುರಿಸಿತು. ಅವಧಿ ತೀರುವ ಮುನ್ನವೇ ಚುನಾವಣೆ ಮುಗಿಯಬೇಕೆಂದು ಸಂವಿಧಾನದ ೨೪೩-ಯು ಕಲಮು ಸ್ಪಷ್ಟವಾಗಿ ಹೇಳುತ್ತದೆ. ಸಾರ್ವಜನಿಕ ಆರೋಗ್ಯವನ್ನೂ ನೈರ್ಮಲ್ಯವನ್ನೂ ಹನ್ನೆರಡನೆಯ ಅನುಸೂಚಿಯು ಪೌರಸಂಸ್ಥೆಗಳ ವಿಷಯಗಳಲ್ಲಿ ಎಣಿಸಿದೆ. ಹೊಣೆಯೇನೋ ಕಾಗದದ ಮೇಲೆ ಇದ್ದಿತು. ಅದನ್ನು ಹೊರಬೇಕಾದ ಹೆಗಲು ಇರಲಿಲ್ಲ.

ಇದರ ಫಲವನ್ನು ಉಂಡವರು ಕೆಳಗಿನ ನೌಕರರು. ೨೦೨೦ನೆಯ ಮಾರ್ಚಿ ೨೨ರಂದು ದೇಶವೆಲ್ಲ ತಟ್ಟೆ ಬಾರಿಸಿತು, ಚಪ್ಪಾಳೆ ತಟ್ಟಿತು. ಮೇ ೩ರಂದು ಆಸ್ಪತ್ರೆಗಳ ಮೇಲೆ ಆಕಾಶದಿಂದ ಹೂಮಳೆ ಸುರಿಯಿತು. ಕೇಂದ್ರ ಸರಕಾರವು ಆರೋಗ್ಯ ಕಾರ್ಯಕರ್ತರಿಗೆ ೫೦ ಲಕ್ಷ ರೂಪಾಯಿಗಳ ವಿಮೆಯನ್ನು ಸಾರಿತು. ಇವುಗಳನ್ನು ನಾವು ಹಳಿಯುವದಿಲ್ಲ. ಆದರೆ ಅದೇ ವರ್ಷದ ಜುಲೈ ತಿಂಗಳಲ್ಲಿ ಕರ್ನಾಟಕದ ಆಶಾ ಕಾರ್ಯಕರ್ತೆಯರು ಕೆಲಸ ನಿಲ್ಲಿಸಿ, ತಿಂಗಳಿಗೆ ೧೨,೦೦೦ ರೂಪಾಯಿಗಳ ನಿಶ್ಚಿತ ಗೌರವಧನವನ್ನೂ ರಕ್ಷಣೆಯ ಸಾಮಗ್ರಿಯನ್ನೂ ಕೇಳಬೇಕಾಯಿತು. ಮುಖಕ್ಕೊಂದು ಮುಸುಕು, ಕೈಗೊಂದು ಗವಸು ಬೇಕೆಂದು, ಪಿಡುಗಿನ ನಟ್ಟನಡುವೆ, ಊರು ಕಾಯುವ ಹೆಣ್ಣುಮಕ್ಕಳು ಬೇಡಬೇಕಾಯಿತೆಂದರೆ ಅದು ಯಾರಿಗೆ ಭೂಷಣ? ಸತ್ತ ಮೇಲೆ ಬರುವ ಐವತ್ತು ಲಕ್ಷಕ್ಕಿಂತ ಬದುಕಿರುವಾಗ ಸಿಕ್ಕುವ ಸಾಬೂನು ಹೆಚ್ಚಿನದೆಂಬುದು ಯಾವ ತಾಯಿಗೂ ತಿಳಿದ ಮಾತು. ಹಿಂದೆ ಝಾಡಮಾಲಿಗಳೆಂದು ಕರೆಯುತ್ತಿದ್ದವರನ್ನು ನಾವೀಗ ಪೌರಕಾರ್ಮಿಕರೆಂದು ಗೌರವದಿಂದ ಕರೆಯುತ್ತೇವೆ. ಹೆಸರು ಬದಲಾಯಿತು, ಕೆಲಸ ಖಾಯಮ್ಮಾಗಲಿಲ್ಲ. ಅವರು ೨೦೨೨ನೆಯ ಜುಲೈದಲ್ಲಿ ಕಸಬರಿಗೆ ಕೆಳಗಿಟ್ಟ ತರುವಾಯವೇ ೧೧,೧೩೩ ಜನರನ್ನು ಖಾಯಂ ಮಾಡುವ ನಿರ್ಣಯವು ರಾಜ್ಯದ ಮಂತ್ರಿಮಂಡಲದಿಂದ ಹೊರಬಿತ್ತು.

ಈ ಪಾಠವು ನಮಗೆ ಹೊಸದಲ್ಲ. ೧೮೯೬ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ರೈಲುದಾರಿ ಹಿಡಿದು ಪುಣೆ, ಹುಬ್ಬಳ್ಳಿ, ಬೆಂಗಳೂರುಗಳಿಗೆ ನಡೆಯಿತು. ಮುಂಬಯಿ ಇಲಾಖೆ ಯಾವದು, ಮೈಸೂರು ಸಂಸ್ಥಾನ ಯಾವದು ಎಂದು ಅದು ಕೇಳಲಿಲ್ಲ. ೧೮೯೭ರಲ್ಲಿ ಪುಣೆಯಲ್ಲಿ ಸರಕಾರವು ರ್‍ಯಾಂಡ್ ಸಾಹೇಬರ ಕೈಕೆಳಗೆ ಸೋಲ್ಜರರನ್ನು ಮನೆಮನೆಗೆ ನುಗ್ಗಿಸಿತು. ದೇವರ ಮನೆಯನ್ನೂ ಅಡಿಗೆಮನೆಯನ್ನೂ ಬಿಡದ ಆ ತಪಾಸಣೆಯಿಂದ ಜನರು ರೋಗವನ್ನು ಮರೆಮಾಚತೊಡಗಿದರು. ದ್ವೇಷವು ರಕ್ತಪಾತದಲ್ಲಿ ಮುಗಿಯಿತು. ೧೮೯೮ರಲ್ಲಿ ಪ್ಲೇಗು ಬೆಂಗಳೂರಿಗೆ ಬಂದಾಗ ಅಲ್ಲಿಯೂ ಜನರು ಪಟ್ಟ ಪಾಡು ಸ್ವಲ್ಪವಲ್ಲ. ಆದರೂ ಅಲ್ಲಿ ನಗರಕ್ಕೊಬ್ಬ ಆರೋಗ್ಯಾಧಿಕಾರಿಯನ್ನು ನೇಮಿಸಿದರು, ಶಹರವನ್ನು ವಾರ್ಡುಗಳಾಗಿ ವಿಂಗಡಿಸಿದರು, ಕೆಲಸಗಾರರು ಒಬ್ಬರೊಡನೊಬ್ಬರು ಮಾತಾಡಲೆಂದು ಟೆಲಿಫೋನಿನ ತಂತಿ ಎಳೆದರು. ಮಲ್ಲೇಶ್ವರ ಬಸವನಗುಡಿಗಳಂತಹ ಹೊಸ ಬಡಾವಣೆಗಳು ಬೆಳೆದದ್ದು ಆ ದಿನಗಳಲ್ಲಿಯೇ. ಬಂದೂಕು ಹಿಡಿದವರಿಗಿಂತ ಓಣಿಯನ್ನು ಬಲ್ಲವರ ಕೈಯನ್ನು ಬಲಪಡಿಸುವದೇ ಪಿಡುಗಿಗೆ ತಕ್ಕ ಮದ್ದು ಎಂಬುದಕ್ಕೆ ಈ ಎರಡು ಉದಾಹರಣೆಗಳು ಸಾಕು.

“ಆಪತ್ಕಾಲದಲ್ಲಿ ಸಭೆ, ಚರ್ಚೆ, ಠರಾವುಗಳಿಗೆ ಹೊತ್ತೆಲ್ಲಿ? ಒಬ್ಬ ದಕ್ಷ ಅಧಿಕಾರಿಯಿದ್ದರೆ ಸಾಲದೇ?” ಎಂದು ಕೇಳುವವರುಂಟು. ಅಧಿಕಾರಿಗಳು ಆ ದಿನಗಳಲ್ಲಿ ಪಟ್ಟ ಶ್ರಮವನ್ನು ನಾವು ಬಲ್ಲೆವು. ಆದರೆ ಅಧಿಕಾರಿಯು ಮೇಲಿನವರಿಗೆ ಉತ್ತರ ಕೊಡುವವನು. ಇಂದು ಇಲ್ಲಿ, ನಾಳೆ ಬೇರೆ ಊರಿನಲ್ಲಿ. ಗುಡಿಸುವವಳಿಗೆ ಪಗಾರ ಮುಟ್ಟಿತೋ ಇಲ್ಲವೋ, ಜ್ವರ ಬಂದು ಮನೆಯಲ್ಲಿ ಮಲಗಿದವನ ಕೂಲಿ ಕಡಿಯಿತೋ ಉಳಿಯಿತೋ ಎಂದು ಕೇಳಲು ಆ ಓಣಿಯ ಮತವನ್ನು ಪಡೆದ ಸದಸ್ಯನೇ ಬೇಕು. ನೆರೆಯ ಕೇರಳದಲ್ಲಿ ೨೦೨೦ರ ದಿಗ್ಬಂಧನದ ಮೊದಲ ವಾರಗಳಲ್ಲಿಯೇ ಪಂಚಾಯತಿಗಳು ಸಾಮೂಹಿಕ ಅಡಿಗೆಮನೆಗಳನ್ನು ತೆರೆದು ಹಸಿದವರಿಗೆ ಅನ್ನ ಮುಟ್ಟಿಸಿದವು. ಆ ಪಂಚಾಯತಿಗಳಲ್ಲಿ ಜನರು ಆರಿಸಿದವರೇ ಕುಳಿತಿದ್ದರೆಂಬುದನ್ನು ಮರೆಯಲಾಗದು.

“ಮ್ಯುನಿಸಿಪಾಲಿಟಿಯ ಬೊಕ್ಕಸದಲ್ಲಿ ದುಡ್ಡೆಲ್ಲಿ?” ಎಂಬ ಇನ್ನೊಂದು ಆಕ್ಷೇಪವು ಅರ್ಧ ನಿಜ. ಹೊಣೆಯನ್ನು ಊರಿಗೂ ಹಣವನ್ನು ರಾಜಧಾನಿಗೂ ಹಂಚುವ ಪದ್ಧತಿಯು ಬದಲಾಗಲೇಬೇಕು. ಆದರೆ ಕೈಗವಸಿಗೆ, ಸಾಬೂನಿಗೆ, ಕೆಲಸ ಮುಗಿಸಿ ಮೈತೊಳೆದು ಮನೆಗೆ ಹೋಗಲು ಒಂದು ಬಿಸಿನೀರಿನ ಕೋಣೆಗೆ, ತಿಂಗಳು ತಿಂಗಳು ತಪ್ಪದ ಪಗಾರಕ್ಕೆ ಯಾವ ನಗರಸಭೆಯೂ ದಿವಾಳಿಯಾಗುವದಿಲ್ಲ. ಇಲ್ಲಿ ಹಣಕ್ಕಿಂತ ಮೊದಲು ಬೇಕಾದದ್ದು ಕೇಳುವ ಬಾಯಿ.

ಆದುದರಿಂದ ನಮ್ಮ ಬೇಡಿಕೆಗಳು ಮೂರು. ಯಾವ ಪೌರಸಂಸ್ಥೆಯ ಚುನಾವಣೆಯೂ ಒಂದು ದಿನ ಕೂಡ ತಡವಾಗಬಾರದು. ಪ್ರತಿಯೊಂದು ನಗರಸಭೆಯೂ ತನ್ನ ಅಂದಾಜುಪತ್ರಿಕೆಯಲ್ಲಿ ಪಿಡುಗಿನ ಕಾಲಕ್ಕೆಂದು ಪ್ರತ್ಯೇಕ ಹಣವನ್ನು ಮೀಸಲಿಟ್ಟು, ರೋಗ ತಗಲಿದ ನೌಕರನಿಗೆ ಪೂರ್ಣ ಪಗಾರದ ರಜೆಯನ್ನು ನಿಯಮದಿಂದಲೇ ಕೊಡಬೇಕು. ಪಿಡುಗಿನಲ್ಲಿ ದುಡಿಯುವ ಕೈ ಗುತ್ತಿಗೆಯ ಕೈಯಾಗಿರಬಾರದು.

ಉಪಾಧ್ಯಾಯ ಬಂಧುಗಳಿಗೆ ಒಂದು ಮಾತು. ಆ ದಿನಗಳಲ್ಲಿ ನೀವೂ ಮನೆಮನೆ ತಿರುಗಿದವರು. ನಿಮ್ಮಲ್ಲಿ ಕೆಲವರು ತಿರುಗಿ ಬರಲಿಲ್ಲ. ನಿಮ್ಮ ಊರಿನ ನಗರಸಭೆಯ ಅಂದಾಜುಪತ್ರಿಕೆಯನ್ನು ಈ ವರ್ಷ ತರಿಸಿ ಓದಿರಿ. ಕೈಗವಸಿನ ಬಾಬು ಅದರಲ್ಲಿ ಉಂಟೋ ಇಲ್ಲವೋ ನೋಡಿರಿ. ಇಲ್ಲವಾದರೆ ನಿಮ್ಮ ವಾರ್ಡಿನ ಸದಸ್ಯರನ್ನು ಕೇಳಿರಿ. ಸದಸ್ಯರೇ ಇಲ್ಲವಾದರೆ ಏಕಿಲ್ಲವೆಂದು ಸರಕಾರವನ್ನು ಕೇಳಿರಿ. ಮುಂದಿನ ಪಿಡುಗು ಬರುವ ದಿನವನ್ನು ಯಾರೂ ಬಲ್ಲವರಿಲ್ಲ. ಅಂದು ನಸುಕಿನಲ್ಲಿ ಕಸಬರಿಗೆಯ ಸಪ್ಪಳ ಕೇಳಬೇಕಾದರೆ ಆ ಕಸಬರಿಗೆ ಹಿಡಿದವರ ಚಿಂತೆಯನ್ನು ನಾವು ಇಂದೇ ಮಾಡತಕ್ಕದ್ದು.