ಎರಡು ರಂಧ್ರ ಮುಚ್ಚಿದರೆ ಷಡ್ಜವೇ?

ಕೋಥರೂಡದ ಕನ್ನಡ ಮನೆಗಳಲ್ಲಿ ಮಗುವಿಗೆ ಕೊಳಲು ಕಲಿಸುವ ಉತ್ಸಾಹ ಮೂಡಿದೊಡನೆ ಎರಡು ಕೆಲಸಗಳು ನಡೆಯುತ್ತವೆ. ಹತ್ತಿರದ ಬಾನ್ಸುರಿ ತರಗತಿಗೆ ಸೇರಿಸುತ್ತಾರೆ. ಊರಿಗೆ ಹೋದಾಗ ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಒಂದು ಕನ್ನಡ ಕೊಳಲು ಪಾಠಪುಸ್ತಕವನ್ನು ತರುತ್ತಾರೆ. ಈ ಎರಡನೆಯ ಕೆಲಸವನ್ನು ನಾವು ವಿರೋಧಿಸುತ್ತೇವೆ. ಕನ್ನಡ ಬಳಗದವರೇ ಕನ್ನಡ ಪುಸ್ತಕ ಬೇಡವೆನ್ನುವುದೇ ಎಂದು ಹುಬ್ಬೇರಿಸುವವರು ಆ ಪುಸ್ತಕದಲ್ಲಿ ಬೆರಳಿಡುವ ಕ್ರಮ ತೋರಿಸುವ ಚಿತ್ರವನ್ನೊಮ್ಮೆ ನೋಡಲಿ.

ಅಂಥ ಪುಸ್ತಕಗಳು ಬಹುಮಟ್ಟಿಗೆ ಕರ್ನಾಟಕ ಸಂಗೀತದ ಕೊಳಲಿಗಾಗಿ ಬರೆದವು. ಆ ಕೊಳಲಿಗೆ ಊದುವ ರಂಧ್ರವನ್ನು ಬಿಟ್ಟು ಎಂಟು ರಂಧ್ರಗಳು; ಮೊದಲೆರಡನ್ನು ಮುಚ್ಚಿದರೆ ಷಡ್ಜ. ಮಗುವಿನ ಕೈಯಲ್ಲಿರುವ ಬಾನ್ಸುರಿಗೆ ಸಾಮಾನ್ಯವಾಗಿ ಆರು. ಅಲ್ಲಿ ಷಡ್ಜಕ್ಕೆ ಮೂರನ್ನು ಮುಚ್ಚಬೇಕು. ಪುಸ್ತಕವನ್ನು ನಂಬಿ ಎರಡನ್ನೇ ಮುಚ್ಚಿದ ಮಗು ಗುರುವಿನ ತಂಬೂರಿಯೆದುರು ನುಡಿಸುವುದು ಋಷಭವನ್ನು. ಮನೆಯಲ್ಲಿ ವಾರವೆಲ್ಲ ಶ್ರದ್ಧೆಯಿಂದ ಅಭ್ಯಾಸ ಮಾಡಿದಷ್ಟೂ ತರಗತಿಯಲ್ಲಿ ಬೇಸುರಾಗುತ್ತದೆ. ಕೊನೆಗೆ ಹಿರಿಯರ ತೀರ್ಪು: ‘ಇವನಿಗೆ ಸ್ವರಜ್ಞಾನವಿಲ್ಲ.’ ಹತ್ತು ವರ್ಷದ ಕೂಸು ಈ ಮಾತನ್ನು ಮರೆಯುವುದಿಲ್ಲ. ಕೊಳಲು ಅಟ್ಟ ಸೇರುತ್ತದೆ.

ಹಾಗಾದರೆ ಇಲ್ಲಿನ ಅಂಗಡಿಯ ಮರಾಠಿ, ಹಿಂದಿ ಪುಸ್ತಕಗಳೆಲ್ಲ ಉತ್ತಮವೇ? ಅದನ್ನೂ ನಾವು ಒಪ್ಪೆವು. ಹಾರ್ಮೋನಿಯಂ ಪಾಠಕ್ರಮವನ್ನೇ ಎತ್ತಿಟ್ಟು, ಮುಖಪುಟಕ್ಕೆ ಕೃಷ್ಣನ ಚಿತ್ರ ಅಂಟಿಸಿದ ಪುಸ್ತಕಗಳಿಗೆ ಬರವಿಲ್ಲ. ಇವು ಬಿಲಾವಲದ ಏಳು ಸ್ವರಗಳಿಂದ ಆರಂಭಿಸುತ್ತವೆ. ಹಾರ್ಮೋನಿಯಂನಲ್ಲಿ ಅದು ಸುಲಭ. ಬಾನ್ಸುರಿಯಲ್ಲಿ ಎಲ್ಲ ರಂಧ್ರ ತೆರೆದರೆ ನುಡಿಯುವುದು ತೀವ್ರ ಮಧ್ಯಮ. ಶುದ್ಧ ಮಧ್ಯಮಕ್ಕೆ ಮೊದಲ ರಂಧ್ರವನ್ನು ಅರ್ಧ ಮಾತ್ರ ಮುಚ್ಚಬೇಕು. ಉಸಿರೇ ಇನ್ನೂ ನಿಲ್ಲದ ಮಗುವಿಗೆ ಮೊದಲ ವಾರವೇ ಈ ಶಿಕ್ಷೆ! ಕೊಳಲಿನ ಗುಣವರಿತವನು ಎಡಗೈಯ ಮೂರು ಬೆರಳುಗಳಿಂದ ಗ-ರಿ-ಸ ಹಿಡಿಸಿ, ದೀರ್ಘ ಉಸಿರಿನಲ್ಲಿ ನಿಲ್ಲಿಸಿ, ಮಧ್ಯಮವೇ ಇಲ್ಲದ ಭೂಪದತ್ತ ನಡೆಸುತ್ತಾನೆ. ಯಮನ್ ಆ ಮೇಲೆ ತಾನಾಗಿ ಒಲಿಯುತ್ತದೆ. ಕರ್ನಾಟಕ ಪದ್ಧತಿಯ ಪುಸ್ತಕಗಳಿಗೂ ಇದೇ ರೋಗವುಂಟು: ಗಾಯನಕ್ಕೆ ಸಲ್ಲುವ ಮಾಯಾಮಾಳವಗೌಳದ ಸರಳೆಯನ್ನೇ ಕೊಳಲಿಗೂ ಹೇರಿ, ಶುದ್ಧ ಋಷಭದ ಅರ್ಧರಂಧ್ರದಲ್ಲಿ ಮಗುವನ್ನು ಸಿಲುಕಿಸುತ್ತವೆ. ಆ ಕೊಳಲಿಗೆ ಸಹಜವಾದದ್ದು ಹರಿಕಾಂಭೋಜಿ.

ಆದ್ದರಿಂದ ಪುಸ್ತಕದ ಯೋಗ್ಯತೆಯನ್ನು ಅದರಲ್ಲಿರುವ ಭಜನೆ, ಚಿತ್ರಗೀತೆಗಳ ಎಣಿಕೆಯಿಂದ ಅಳೆಯುವುದು ಮೂರ್ಖತನ. ಯಾವ ಶ್ರುತಿಯ, ಎಷ್ಟು ರಂಧ್ರದ ಕೊಳಲಿಗೆ ಈ ಪಾಠ ಎಂದು ಮೊದಲ ಪುಟದಲ್ಲೇ ಹೇಳದ ಪುಸ್ತಕವನ್ನು ಅಲ್ಲಿಯೇ ಮುಚ್ಚಿಡಬಹುದು. ಪನ್ನಾಲಾಲ್ ಘೋಷ್ ಕಛೇರಿಗೆ ತಂದ ಉದ್ದನೆಯ ಬಾನ್ಸುರಿಯ ಚಿತ್ರ ಹಾಕಿ, ಮಗುವಿನ ಬೆರಳಿಗೆ ನಿಲುಕುವ ಅಳತೆಯ ಬಗ್ಗೆ ಮೌನವಾಗಿರುವವು ಇನ್ನೂ ಕೆಟ್ಟವು.

ಕನ್ನಡದ ಪ್ರಕಾಶಕರೊಡನೆಯೂ ನಮ್ಮ ಜಗಳವಿದೆ. ಗದಗ ಸೀಮೆಯ ಭೀಮಸೇನ ಜೋಶಿಯವರು ಕುಂದಗೋಳದ ತಮ್ಮ ಗುರುವಿನ ನೆನಪಿಗೆ 1953ರಲ್ಲಿ ಇದೇ ಪುಣೆಯಲ್ಲಿ ಸವಾಯಿ ಗಂಧರ್ವ ಉತ್ಸವ ಆರಂಭಿಸಿದರು. ಹಿಂದೂಸ್ತಾನಿ ಸಂಗೀತ ಧಾರವಾಡ, ಹುಬ್ಬಳ್ಳಿಗಳ ಮನೆಮಾತು. ಆದರೂ ಆರು ರಂಧ್ರದ ಬಾನ್ಸುರಿಗೆ ತಕ್ಕ ಕನ್ನಡ ಪಾಠಪುಸ್ತಕ ನಮ್ಮ ಅಂಗಡಿಗಳಲ್ಲಿ ಕೈಗೆ ಸಿಗುವಂತಿಲ್ಲ. ಅದು ಬರುವವರೆಗೆ, ಶಾಲೆಯಲ್ಲಿ ಹೇಗೂ ಮರಾಠಿ ಓದುವ ನಮ್ಮ ಮಕ್ಕಳು ಒಳ್ಳೆಯ ಮರಾಠಿ ಪುಸ್ತಕದಿಂದಲೇ ಭೂಪ ಕಲಿಯಲಿ.